64 ವೆಬ್ ಪುಟ, ಒಂದೇ ಪಿಡಿಎಫ್: ಯಾವ ಹಂತದಲ್ಲಿ ಜೋಡಿಸಬೇಕು?

ಪ್ರಶ್ನೆ: ನಾನು ಕಲಿಯುತ್ತಿರುವ ಒಂದು ಸಾಫ್ಟ್‌ವೇರ್‌ನ ಕೈಪಿಡಿ 64 ವೆಬ್ ಪುಟಗಳಲ್ಲಿ ಹರಡಿಕೊಂಡಿದೆ. ನೆಟ್ ಇಲ್ಲದಾಗಲೂ ಓದೋಣ ಅಂತ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಲು ಹೊರಟೆ. ಪೈಥಾನ್ ಅಲ್ಪಸ್ವಲ್ಪ ಬರುತ್ತದೆ. ಪ್ರತಿ ಪುಟವನ್ನೂ ಬ್ರೌಸರ್ ಮೂಲಕ ಬೇರೆ ಬೇರೆ ಪಿಡಿಎಫ್ ಮಾಡಿ, ಆಮೇಲೆ ಜೋಡಿಸುವ ಸ್ಕ್ರಿಪ್ಟ್ ಬರೆದೆ. ಫೈಲ್ ಬಂತು, ಆದರೆ ಓದುವ ಹಾಗಿಲ್ಲ. 1ರ ನಂತರ 10, 11 ಬಂದು ಎಷ್ಟೋ ಹೊತ್ತಿಗೆ 2 ಬರುತ್ತದೆ. ಪ್ರತಿ ಹಾಳೆಯ ಮೇಲ್ಗಡೆಯೂ ಸೈಟಿನ ಮೆನು ಕೂತಿದೆ. ಕೆಲವು ಚಿತ್ರಗಳ ಜಾಗ ಖಾಲಿ. ಒಳಗಿನ ಲಿಂಕ್ ಒತ್ತಿದರೆ ಬ್ರೌಸರ್ ತೆರೆದುಕೊಳ್ಳುತ್ತದೆ. ಫೈಲ್ ಗಾತ್ರವೂ ವಿಪರೀತ. ಪುಟಗಳನ್ನು ನೇರವಾಗಿ ಇಳಿಸಿಕೊಂಡು ಇನ್ನೊಂದು ಲೈಬ್ರರಿಗೆ (ಸಿದ್ಧ ಕೋಡ್‌ನ ಗಂಟಿಗೆ) ಕೊಟ್ಟು ನೋಡಿದೆ. ಆಗ ಕನ್ನಡ ಅನುವಾದದ ಪುಟಗಳು ಗುರುತೇ ಸಿಗದ ಅಕ್ಷರಗಳಾಗಿ ಬಂದವು. ಯಾವ ಲೈಬ್ರರಿ ಬಳಸಿದರೆ ಇದೆಲ್ಲ ಸರಿಹೋಗುತ್ತದೆ? ಅಂದ ಹಾಗೆ, ಹೀಗೆ ಇಳಿಸಿಕೊಳ್ಳುವುದು ತಪ್ಪಾ?

ಉತ್ತರ: ನೀವು ಆರು ದೂರು ಹೇಳಿದ್ದೀರಿ. ಲೈಬ್ರರಿ ಬದಲಿಸಿದರೆ ಹೋಗುವುದು ಅದರಲ್ಲಿ ಹೆಚ್ಚೆಂದರೆ ಒಂದು. ಉಳಿದವುಗಳಲ್ಲಿ ಜಾಸ್ತಿ ಪಾಲು ನೀವು ಜೋಡಿಸಿದ ಹಂತದಿಂದ ಬಂದದ್ದು. ಹಾಳೆಗಳಾಗಿ ಗಟ್ಟಿಯಾದ ಮೇಲೆ ಜೋಡಿಸಿದ್ದೀರಿ. ಪಠ್ಯವಾಗಿದ್ದಾಗಲೇ ಜೋಡಿಸಿ ಆಮೇಲೆ ಹಾಳೆ ಮಾಡಿದ್ದರೆ ಅರ್ಧ ತಲೆನೋವು ಹುಟ್ಟುತ್ತಲೇ ಇರಲಿಲ್ಲ. ಈ ಕೆಲಸದಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಎಲ್ಲಿ ಜೋಡಿಸುತ್ತೀರಿ? ಯಾವುದರಿಂದ ಎಂಬುದು ಆಮೇಲಿನ ಮಾತು.

ಅದಕ್ಕೂ ಮೊದಲು ಒಂದು ವಿಷಯ ನೋಡಿಬಿಡಿ. ಈ ಕೋಡ್ ನಿಜವಾಗಿಯೂ ಬೇಕಾ? ಸಾಫ್ಟ್‌ವೇರ್ ಕೈಪಿಡಿಗಳಲ್ಲಿ ಎಷ್ಟೋ ಒಂದೇ ಮೂಲದಿಂದ ತಯಾರಾಗುತ್ತವೆ. ಪೈಥಾನ್‌ನ ಅಧಿಕೃತ ಕೈಪಿಡಿಯನ್ನೇ ತೆಗೆದುಕೊಳ್ಳಿ, ಇಡೀ ಗಂಟನ್ನು ಇಳಿಸಿಕೊಳ್ಳುವ ಸೌಲಭ್ಯ ಅಲ್ಲೇ ಇದೆ. ಸ್ಫಿಂಕ್ಸ್ ಎಂಬ ಸಾಧನದಲ್ಲಿ ಬರೆದ ಕೈಪಿಡಿಯಾದರೆ, ಅದರ ಮೂಲ ಫೈಲ್‌ಗಳು ತೆರೆದಿದ್ದರೆ, ‘ಸಿಂಗಲ್ ಎಚ್‌ಟಿಎಂಎಲ್’ ಎಂಬ ಆಯ್ಕೆ ಕೊಟ್ಟು ಎಲ್ಲವನ್ನೂ ಒಂದೇ ಪುಟವಾಗಿ ಕಟ್ಟಬಹುದು. ಇ-ಪುಸ್ತಕದ ರೂಪವಾದ ಇಪಬ್ ಕೂಡ ಅದರಿಂದಲೇ ಬರುತ್ತದೆ. ಕೈಪಿಡಿಯ ಅಡಿಭಾಗದಲ್ಲಿ ಯಾವ ಸಾಧನದಿಂದ ತಯಾರಾಯಿತು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಐದು ನಿಮಿಷ ಹುಡುಕಿ. ಸಿಕ್ಕರೆ ಮುಂದಿನದ್ದನ್ನು ಓದುವ ಅಗತ್ಯವೇ ಇಲ್ಲ.

ಸಿಗಲಿಲ್ಲ ಅಂದುಕೊಳ್ಳೋಣ.

ಹೊಸಬರಲ್ಲಿ ನಾನು ಜಾಸ್ತಿ ನೋಡುವ ನಂಬಿಕೆ ಅಂದರೆ, ಫೈಲ್‌ಗಳನ್ನು ಒಂದರ ಹಿಂದೆ ಒಂದು ಅಂಟಿಸಿದರೆ ಸಾಕು ಎಂಬುದು. ಸಾದಾ ಪಠ್ಯಕ್ಕೆ ಅದು ನಡೆಯುತ್ತದೆ. ಪಿಡಿಎಫ್‌ಗೆ ನಡೆಯುವುದಿಲ್ಲ. ಪಿಡಿಎಫ್ ಫೈಲಿನ ಕೊನೆಯಲ್ಲಿ ಒಂದು ಕೋಷ್ಟಕ ಇರುತ್ತದೆ. ಯಾವ ವಸ್ತು ಫೈಲಿನ ಆರಂಭದಿಂದ ಎಷ್ಟನೇ ಬೈಟ್‌ನಲ್ಲಿದೆ ಎಂದು ಅದು ಹೇಳುತ್ತದೆ. ಓದುವ ತಂತ್ರಾಂಶ ಬಾಲದಿಂದಲೇ ಶುರು ಮಾಡುತ್ತದೆ. ಎರಡು ಪಿಡಿಎಫ್ ಅಂಟಿಸಿದರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಕೊನೆಯ ಫೈಲ್ ಮಾತ್ರ ಕಾಣಬಹುದು, ಇಲ್ಲವೇ ಫೈಲ್ ಕೆಟ್ಟಿದೆ ಎಂಬ ಸಂದೇಶ ಬರಬಹುದು. ಅದಕ್ಕೇ ಪೈಪಿಡಿಎಫ್, ಕ್ಯೂಪಿಡಿಎಫ್‌ನಂಥ ಸಾಧನಗಳು ಬೇಕಾಗುವುದು. ಅವು ಆ ಕೋಷ್ಟಕವನ್ನು ಹೊಸದಾಗಿ ಬರೆಯುತ್ತವೆ.

ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ಮೂಲ ಪಠ್ಯ, ಅಂಟಿಸಿದರೆ ಇದಕ್ಕಿಂತ ಮೋಸದ ತೊಂದರೆ. ಒಂದೇ ಫೈಲಿನಲ್ಲಿ 64 ಹೆಡ್, 64 ಬಾಡಿ ಟ್ಯಾಗ್ ಇದ್ದರೂ ಬ್ರೌಸರ್ ತಕರಾರು ಮಾಡುವುದಿಲ್ಲ, ಹೇಗೋ ಹೊಂದಿಸಿಕೊಂಡು ತೋರಿಸಿಬಿಡುತ್ತದೆ. ಎಲ್ಲ ಸರಿಯಿದೆ ಅಂತ ನಮಗೂ ಅನಿಸುತ್ತದೆ. ಆದರೆ 40ನೇ ಪುಟದ ಸಿಎಸ್‌ಎಸ್ (ಪುಟದ ಅಂದಚೆಂದ ಹೇಳುವ) ನಿಯಮ ಮೊದಲ ಪುಟದ ಮೇಲೂ ಕೂತಿರುತ್ತದೆ. ‘ಅಡಿಟಿಪ್ಪಣಿ 1’ ಎಂಬ ಐಡಿ (ಲಿಂಕ್ ಬಂದು ನಿಲ್ಲುವ ಜಾಗದ ಹೆಸರು) ಪ್ರತಿ ಪುಟದಲ್ಲೂ ಇರುವುದರಿಂದ, ಯಾವ ಪುಟದ ಟಿಪ್ಪಣಿ ಒತ್ತಿದರೂ ಮೊದಲ ಪುಟದ ಟಿಪ್ಪಣಿಗೇ ಹೋಗಿ ನಿಲ್ಲುತ್ತೀರಿ. ತಪ್ಪು ಕಣ್ಣಿಗೆ ಬೀಳುವುದು ಇನ್ನೂರನೇ ಹಾಳೆ ಓದುವಾಗ.

ಈಗ ನಿಮ್ಮ ದೂರುಗಳಿಗೆ ಬರೋಣ.

ಕ್ರಮ ತಪ್ಪಿದ್ದಕ್ಕೆ ಕಾರಣ ಸಣ್ಣದು. ಫೈಲ್ ಹೆಸರುಗಳು ಅಕ್ಷರಗಳಾಗಿ ವಿಂಗಡವಾಗುತ್ತವೆ, ಸಂಖ್ಯೆಗಳಾಗಿ ಅಲ್ಲ. ಹಾಗಾಗಿ 2ಕ್ಕಿಂತ 10 ಮುಂದೆ. 01, 02 ಎಂದು ಹೆಸರಿಟ್ಟರೆ ಸರಿಹೋಗುತ್ತದೆ. ಇನ್ನೂ ಒಳ್ಳೆಯದು, ಕ್ರಮವನ್ನು ಫೈಲ್ ಹೆಸರಿಂದ ತೆಗೆಯಲೇಬೇಡಿ. ಕೈಪಿಡಿಯ ಪರಿವಿಡಿ ಪುಟದಿಂದ ಲಿಂಕ್‌ಗಳನ್ನು ಅದೇ ಸಾಲಿನಲ್ಲಿ ಎತ್ತಿಕೊಂಡು ಒಂದು ಪಟ್ಟಿ ಮಾಡಿ. ಆ ಪಟ್ಟಿಯೇ ಕೊನೆಯವರೆಗೂ ಯಜಮಾನ.

ಮೆನು ಪ್ರತಿ ಹಾಳೆಯಲ್ಲೂ ಬಂದದ್ದು ಯಾರ ತಪ್ಪೂ ಅಲ್ಲ, ನಿಯಮವೇ ಹಾಗಿದೆ. ಸಿಎಸ್‌ಎಸ್‌ನಲ್ಲಿ ‘ಫಿಕ್ಸ್ಡ್’ ಎಂದು ಗುರುತು ಹಾಕಿದ ಭಾಗ ತೆರೆಯ ಮೇಲೆ ಒಂದೇ ಕಡೆ ನಿಂತಿರುತ್ತದೆ. ಅದೇ ಪುಟವನ್ನು ಹಾಳೆಗಳಾಗಿ ಕತ್ತರಿಸಿದಾಗ ಪ್ರತಿ ಹಾಳೆಯಲ್ಲೂ ಮರುಕಳಿಸಬೇಕು ಎಂದು ಮಾನದಂಡವೇ ಹೇಳುತ್ತದೆ. ಪಿಡಿಎಫ್ ಮಾಡುವ ಮೊದಲು ಆ ಭಾಗವನ್ನು ಕಿತ್ತು ಹಾಕಬೇಕು, ಇಲ್ಲವೇ ಸಿಎಸ್‌ಎಸ್‌ನಿಂದ ಮುಚ್ಚಬೇಕು.

ಖಾಲಿ ಚಿತ್ರಗಳಿಗೆ ಎರಡು ಕಾರಣ ಇರಬಹುದು. ಕೆಲವು ಸೈಟ್‌ಗಳು ನೀವು ಕೆಳಗೆ ಸರಿಸಿದಾಗ ಮಾತ್ರ ಚಿತ್ರ ತರಿಸುತ್ತವೆ. ಅಲ್ಲಿಯವರೆಗೆ ಚಿತ್ರದ ವಿಳಾಸ ಬರೆಯುವ ‘ಎಸ್‌ಆರ್‌ಸಿ’ಯಲ್ಲಿ ಒಂದು ಖಾಲಿ ಚಿತ್ರ, ನಿಜವಾದ ವಿಳಾಸ ‘ಡೇಟಾ-ಎಸ್‌ಆರ್‌ಸಿ’ಯಂಥ ಇನ್ನೊಂದು ಗುಣದಲ್ಲಿ. ನಿಮ್ಮ ಸ್ಕ್ರಿಪ್ಟ್ ಪುಟವನ್ನು ಸರಿಸಿ ನೋಡುವುದಿಲ್ಲ, ಹಾಗಾಗಿ ಚಿತ್ರ ಬರುವುದಿಲ್ಲ. ಬ್ರೌಸರ್ ಬಳಸಿದ್ದೀರಿ ಎಂದರೆ ನಿಮ್ಮದು ಬಹುಶಃ ಇದೇ. ಇನ್ನೊಂದು ಕಾರಣ ಅರ್ಧ ವಿಳಾಸ. ಚಿತ್ರದ ವಿಳಾಸ ಪುಟಕ್ಕೆ ಹೋಲಿಸಿ ಬರೆದದ್ದಾಗಿದ್ದರೆ, ಪುಟವನ್ನು ನಿಮ್ಮ ಕಂಪ್ಯೂಟರಿಗೆ ತಂದ ಕೂಡಲೇ ಅದು ಎಲ್ಲಿಗೂ ತಲುಪದ ವಿಳಾಸ. ಪೈಥಾನ್‌ನ ‘ಯುಆರ್‌ಎಲ್‌ಜಾಯಿನ್’ ಫಂಕ್ಷನ್ಗೆ ಪುಟದ ವಿಳಾಸವನ್ನೂ ಚಿತ್ರದ ವಿಳಾಸವನ್ನೂ ಕೊಟ್ಟರೆ ಪೂರ್ತಿ ವಿಳಾಸ ಸಿಗುತ್ತದೆ. ಇದನ್ನು ಜೋಡಿಸುವ ಮೊದಲೇ, ಪ್ರತಿ ಪುಟಕ್ಕೂ ಪ್ರತ್ಯೇಕವಾಗಿ ಮಾಡಬೇಕು. ಜೋಡಿಸಿದ ಮೇಲೆ ಯಾವ ಚಿತ್ರ ಯಾವ ಪುಟದ್ದು ಅಂತ ಗೊತ್ತಾಗುವುದಿಲ್ಲ.

ಗಾತ್ರ ಮತ್ತು ಲಿಂಕ್, ಇವೆರಡೂ ನೇರವಾಗಿ ತಡವಾಗಿ ಜೋಡಿಸಿದ್ದರ ಫಲ. ಪ್ರತಿ ಪಿಡಿಎಫ್ ತನ್ನ ಫಾಂಟ್ ತಾನೇ ಹೊತ್ತುಕೊಂಡಿರುತ್ತದೆ. ಅದೂ ಇಡೀ ಫಾಂಟ್ ಅಲ್ಲ, ಆ ಪುಟದಲ್ಲಿ ಬಳಸಿದ ಅಕ್ಷರಗಳ ತುಣುಕು. 64 ಪುಟ, 64 ತುಣುಕು, ಒಂದಕ್ಕಿಂತ ಒಂದು ಬೇರೆ. ಪೈಪಿಡಿಎಫ್‌ನಲ್ಲಿ ಒಂದೇ ತರಹದ ವಸ್ತುಗಳನ್ನು ಒಂದಾಗಿಸುವ ಸೌಲಭ್ಯ ಇದೆ. ಲೋಗೋದಂಥ ಚಿತ್ರಗಳಿಗೆ ಅದು ಕೆಲಸ ಮಾಡುತ್ತದೆ, ಆದರೆ ಈ ಫಾಂಟ್ ತುಣುಕುಗಳು ತದ್ರೂಪ ಅಲ್ಲವಲ್ಲ, ಅವು ಹಾಗೇ ಉಳಿಯುತ್ತವೆ. ಲಿಂಕ್ ಕಥೆಯೂ ಅಷ್ಟೇ. ಪಿಡಿಎಫ್‌ನಲ್ಲಿ ಎರಡು ಜಾತಿಯ ಲಿಂಕ್ ಇವೆ. ಒಂದು ಹೊರಗಿನ ವಿಳಾಸಕ್ಕೆ, ಒಂದು ಅದೇ ಫೈಲಿನ ಇನ್ನೊಂದು ಜಾಗಕ್ಕೆ. 5ನೇ ಪುಟವನ್ನು ಒಂಟಿಯಾಗಿ ಪಿಡಿಎಫ್ ಮಾಡಿದಾಗ 9ನೇ ಪುಟ ಅದರ ಪಾಲಿಗೆ ಹೊರಗಿನದು. ಆಮೇಲೆ ನೀವು ಪಕ್ಕದಲ್ಲಿ ತಂದಿಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ.

ಕನ್ನಡದ ಮಾತಿಗೆ ಸ್ವಲ್ಪ ನಿಧಾನವಾಗಿ ಬರುತ್ತೇನೆ. ಇದರಲ್ಲಿ ಮೂರು ಬೇರೆ ಬೇರೆ ರೋಗಗಳಿವೆ, ಎಲ್ಲವನ್ನೂ ‘ಫಾಂಟ್ ಪ್ರಾಬ್ಲಂ’ ಅಂತ ಕರೆದು ಜನ ಸುಮ್ನೆ ಒದ್ದಾಡುತ್ತಾರೆ.

ಕನ್ನಡದ ಜಾಗದಲ್ಲಿ ಟೋಪಿ, ಚುಕ್ಕಿ ಹೊತ್ತ ಲ್ಯಾಟಿನ್ ಅಕ್ಷರಗಳು ಸಾಲುಗಟ್ಟಿ ಬಂದಿದ್ದರೆ, ಅದು ಎನ್‌ಕೋಡಿಂಗ್ ತಪ್ಪು, ಅಂದರೆ ಬೈಟ್‌ಗಳನ್ನು ಅಕ್ಷರಗಳಾಗಿ ಓದುವ ಪದ್ಧತಿ ತಪ್ಪಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಆ ಮೂರನ್ನು ಮೂರು ಬೇರೆ ಅಕ್ಷರ ಎಂದು ಓದಿದರೆ ಈ ಅವತಾರ. ನಿಮ್ಮದು ಇದೇ ಇರಬೇಕು ಅಂತ ನನ್ನ ಗುಮಾನಿ. ಯಾಕೆಂದರೆ ಪುಟ ಇಳಿಸಲು ಬಳಸುವ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಒಂದು ಹಳೇ ಅಭ್ಯಾಸ ಇದೆ. ಸರ್ವರ್ ಎನ್‌ಕೋಡಿಂಗ್ ಯಾವುದು ಅಂತ ಹೇಳದಿದ್ದರೆ, ಅದು ಎಚ್‌ಟಿಎಂಎಲ್ ಪುಟವನ್ನು ಐಎಸ್‌ಒ-8859-1 ಎಂಬ ಲ್ಯಾಟಿನ್ ಎನ್‌ಕೋಡಿಂಗ್ ಎಂದುಕೊಂಡು ಓದುತ್ತದೆ. ಪುಟದೊಳಗೆ ಮೆಟಾ ಟ್ಯಾಗ್‌ನಲ್ಲಿ ಯುಟಿಎಫ್-8 ಅಂತ ಬರೆದಿದ್ದರೂ ನೋಡುವುದಿಲ್ಲ. ಪರಿಹಾರ ಒಂದೇ ಪದದ್ದು. ಸರ್ವರ್ ಕೊಟ್ಟ ಉತ್ತರದಿಂದ ‘ಟೆಕ್ಸ್ಟ್’ ತೆಗೆದುಕೊಳ್ಳುವ ಬದಲು ‘ಕಂಟೆಂಟ್’ ತೆಗೆದುಕೊಂಡು, ಆ ಕಚ್ಚಾ ಬೈಟ್‌ಗಳನ್ನೇ ಎಚ್‌ಟಿಎಂಎಲ್ ಬಿಡಿಸಿ ಓದುವ ಬ್ಯೂಟಿಫುಲ್‌ಸೂಪ್ ಲೈಬ್ರರಿಗೆ ಕೊಡಿ. ಅದು ಮೆಟಾ ಟ್ಯಾಗ್ ನೋಡಿ ಸರಿಯಾಗಿ ಓದಿಕೊಳ್ಳುತ್ತದೆ.

ಅಕ್ಷರದ ಬದಲು ಖಾಲಿ ಚೌಕಗಳು ಬಂದಿದ್ದರೆ ಕನ್ನಡ ಫಾಂಟೇ ಇಲ್ಲ ಎಂದರ್ಥ. ಸರ್ವರ್‌ನಲ್ಲಿ, ಡಾಕರ್‌ನಲ್ಲಿ ಸ್ಕ್ರಿಪ್ಟ್ ಓಡಿಸುವವರಿಗೆ ಇದು ಮಾಮೂಲು. ನೋಟೋ ಸಾನ್ಸ್ ಕನ್ನಡ ಹಾಕಿಕೊಂಡರೆ ಆಯಿತು.

ಅಕ್ಷರ ಕನ್ನಡದ್ದೇ, ಆದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದೆ ಎಂದರೆ, ಅದು ನಿಜವಾಗಿ ಲೈಬ್ರರಿಯ ಮಿತಿ. ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಕೆಲಸವನ್ನು ಹಾರ್ಫ್‌ಬಜ್‌ನಂಥ ಪ್ರತ್ಯೇಕ ಯಂತ್ರ ಮಾಡಬೇಕು. ಬ್ರೌಸರ್‌ಗಳಲ್ಲಿ ಅದಿದೆ. ಎಚ್‌ಟಿಎಂಎಲ್‌ನಿಂದ ಪಿಡಿಎಫ್ ಮಾಡುವ ವೀಸಿಪ್ರಿಂಟ್, ಪ್ಯಾಂಗೋ ಎಂಬ ಲೈಬ್ರರಿಯ ಮೂಲಕ ಅದನ್ನೇ ಬಳಸುತ್ತದೆ. ಎಫ್‌ಪಿಡಿಎಫ್2 ಎಂಬ ಇನ್ನೊಂದು ಪಿಡಿಎಫ್ ಲೈಬ್ರರಿಯಲ್ಲಿ ‘ಟೆಕ್ಸ್ಟ್ ಶೇಪಿಂಗ್’ ಎಂಬುದನ್ನು ನೀವೇ ಚಾಲೂ ಮಾಡಬೇಕು. ಅದು ಇಲ್ಲದ ಲೈಬ್ರರಿಯಲ್ಲಿ ಎಷ್ಟು ಫಾಂಟ್ ಬದಲಿಸಿದರೂ ಒತ್ತು ಕೂರುವುದಿಲ್ಲ.

ಇನ್ನು ದಾರಿಗಳು. ನಿಮ್ಮ ಕೈಪಿಡಿಗೆ ನಾನು ಹೇಳುವುದು ಮೊದಲು ಜೋಡಿಸಿ, ಆಮೇಲೆ ಹಾಳೆ ಮಾಡುವ ದಾರಿ. ಪಟ್ಟಿಯಲ್ಲಿರುವ ಪ್ರತಿ ವಿಳಾಸವನ್ನೂ ಒಂದು ಸಲ ಇಳಿಸಿ, ಡಿಸ್ಕ್‌ನಲ್ಲಿ ಉಳಿಸಿಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಉಳಿಸಿದ ಪ್ರತಿಗಳ ಮೇಲೆ. ಕೋಡ್ ತಿದ್ದುತ್ತಾ ಹತ್ತಾರು ಸಲ ಓಡಿಸುತ್ತೀರಿ, ಪ್ರತಿ ಸಲ 64 ಪುಟ ಕೇಳಿದರೆ ಸರ್ವರ್ ನಿಮ್ಮನ್ನು ತಡೆದರೂ ತಡೆದೀತು. ಬ್ಯೂಟಿಫುಲ್‌ಸೂಪ್‌ನಿಂದ ಪ್ರತಿ ಪುಟದ ಮುಖ್ಯ ಭಾಗ ಮಾತ್ರ ಎತ್ತಿಕೊಳ್ಳಿ. ಸಾಮಾನ್ಯವಾಗಿ ‘ಮೇನ್’ ಅಥವಾ ‘ಆರ್ಟಿಕಲ್’ ಟ್ಯಾಗ್‌ನಲ್ಲಿ ಇರುತ್ತದೆ. ಮೆನು, ಅಡಿಪಟ್ಟಿ, ‘ಮುಂದಿನ ಪುಟ’ ಗುಂಡಿ ಎಲ್ಲ ಅಲ್ಲೇ ಉದುರಿಹೋಗುತ್ತವೆ.

ಆಮೇಲೆ ಬರುವುದು ಈ ಕೆಲಸದ ತಿರುಳು: ಐಡಿಗಳು. ಪ್ರತಿ ಪುಟದ ಪ್ರತಿ ಐಡಿಗೂ ಆ ಪುಟದ ಗುರುತನ್ನು ಮುಂದೆ ಅಂಟಿಸಿ. 5ನೇ ಪುಟದ ‘ಪರಿಚಯ’ ಎಂಬ ಐಡಿ ‘ಪು5-ಪರಿಚಯ’ ಆಗಲಿ. ಇಡೀ ಪುಟಕ್ಕೂ ಒಂದು ಐಡಿ ಕೊಡಿ. ನಂತರ ಪ್ರತಿ ಲಿಂಕನ್ನೂ ನೋಡಿ. ಅದು ಹೋಗುವ ವಿಳಾಸ ನಿಮ್ಮ ಪಟ್ಟಿಯಲ್ಲಿ ಇದ್ದರೆ ಒಳಗಿನ ಲಿಂಕಾಗಿ ಬದಲಿಸಿ, ಇಲ್ಲದಿದ್ದರೆ ಹೊರಗಿನದಾಗಿಯೇ ಬಿಡಿ. ಕೇಳಲು ಸುಲಭ. ತೊಡಕು ಬರುವುದು ಹೋಲಿಕೆಯಲ್ಲಿ. ಒಂದೇ ಪುಟದ ವಿಳಾಸ ಒಂದು ಕಡೆ ಕೊನೆಯ ಓರೆಗೆರೆಯೊಂದಿಗೆ, ಇನ್ನೊಂದು ಕಡೆ ಅದಿಲ್ಲದೆ, ಮತ್ತೊಂದು ಕಡೆ ‘ಇಂಡೆಕ್ಸ್’ ಫೈಲಿನ ಹೆಸರಿನೊಂದಿಗೆ ಬರೆದಿರುತ್ತಾರೆ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸಣ್ಣ ಫಂಕ್ಷನ್ ಬರೆದುಕೊಳ್ಳಿ, ಹೋಲಿಕೆ ಆಮೇಲೆ.

ಮೂಲ ಸಿಎಸ್‌ಎಸ್ ಬಿಟ್ಟುಬಿಡಿ. ಇಪ್ಪತ್ತು ಸಾಲಿನ ನಿಮ್ಮದೇ ಸಿಎಸ್‌ಎಸ್ ಸಾಕು. ಹಾಳೆಯ ಗಾತ್ರ, ಅಂಚು, ಪ್ರತಿ ಅಧ್ಯಾಯ ಹೊಸ ಹಾಳೆಯಲ್ಲಿ ಶುರುವಾಗಬೇಕು ಎಂಬ ನಿಯಮ, ಅಷ್ಟೇ. ಒಂದು ಮಾತ್ರ ಮರೆಯಬೇಡಿ. ಕೋಡ್ ಇರುವ ಉದ್ದ ಸಾಲುಗಳು ತೆರೆಯ ಮೇಲೆ ಪಕ್ಕಕ್ಕೆ ಸರಿಯುತ್ತವೆ, ಹಾಳೆಯಲ್ಲಿ ಬಲಗಡೆ ಕತ್ತರಿಸಿಹೋಗುತ್ತವೆ. ‘ಪ್ರೀ-ವ್ರ್ಯಾಪ್’ ಕೊಟ್ಟು ಸಾಲು ಮುರಿಯಲು ಬಿಡಿ. ಸಾಫ್ಟ್‌ವೇರ್ ಕೈಪಿಡಿಯಲ್ಲಿ ಕೋಡ್‌ನ ಅರ್ಧ ಸಾಲು ಮಾಯವಾದರೆ ಏನು ಉಪಯೋಗ?

ಈ ಒಂದೇ ಎಚ್‌ಟಿಎಂಎಲ್ ಅನ್ನು ವೀಸಿಪ್ರಿಂಟ್‌ಗೆ ಕೊಟ್ಟರೆ ಫಾಂಟ್ ಒಂದೇ ಸಲ ಸೇರುತ್ತದೆ, ಹಾಳೆ ಸಂಖ್ಯೆ ಮೊದಲಿಂದ ಕೊನೆಯವರೆಗೆ ಓಡುತ್ತದೆ. ಶೀರ್ಷಿಕೆ ಟ್ಯಾಗ್‌ಗಳಿಂದ ಪಿಡಿಎಫ್‌ನ ಬುಕ್‌ಮಾರ್ಕ್‌ಗಳೂ ತಾವಾಗಿಯೇ ಹುಟ್ಟುತ್ತವೆ. ‘ಟಾರ್ಗೆಟ್-ಕೌಂಟರ್’ ಬಳಸಿದರೆ ಪರಿವಿಡಿಯಲ್ಲಿ ಹಾಳೆ ಸಂಖ್ಯೆಯನ್ನೂ ಹಾಕಬಹುದು. ಇದರ ಅಪಾಯಗಳನ್ನೂ ಹೇಳಿಬಿಡುತ್ತೇನೆ. ಅದು ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಓಡಿಸುವುದಿಲ್ಲ. ದೊಡ್ಡ ದಾಖಲೆಗೆ ನಿಧಾನ, ಮೆಮೊರಿಯೂ ಚೆನ್ನಾಗಿ ತಿನ್ನುತ್ತದೆ. ಚಿತ್ರ ಸಿಗದಿದ್ದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಹಾಕಿ ಮುಂದೆ ಹೋಗುತ್ತದೆ, ನಿಲ್ಲುವುದಿಲ್ಲ. ಲಾಗ್ ಓದುವ ಅಭ್ಯಾಸ ಇಟ್ಟುಕೊಳ್ಳಿ.

ನೀವು ಮಾಡಿದ ದಾರಿಯೂ ದಂಡ ಅಲ್ಲ. ಪುಟದಲ್ಲಿ ಜಾವಾಸ್ಕ್ರಿಪ್ಟ್‌ನಿಂದ ಬರೆಯುವ ನಕ್ಷೆಗಳಿದ್ದರೆ, ಅಥವಾ ಪುಟ ತೆರೆಯಲ್ಲಿ ಕಂಡ ಹಾಗೇ ದಾಖಲೆಗೆ ಬೇಕಿದ್ದರೆ, ಬ್ರೌಸರ್‌ನಿಂದಲೇ ಪಿಡಿಎಫ್ ಮಾಡಿಸಿ ಜೋಡಿಸುವುದು ಸರಿ. ಬ್ರೌಸರನ್ನು ಕೋಡ್‌ನಿಂದ ನಡೆಸುವ ಪ್ಲೇರೈಟ್ ಎಂಬ ಸಾಧನದಲ್ಲಿ ಪಿಡಿಎಫ್ ಸೌಲಭ್ಯ ಕ್ರೋಮಿಯಂ ಬ್ರೌಸರ್‌ಗೆ ಮಾತ್ರ ಇದೆ, ಫೈರ್‌ಫಾಕ್ಸ್‌ಗಿಲ್ಲ. ಅದು ಮುದ್ರಣದ ಸಿಎಸ್‌ಎಸ್ ಅನ್ನೇ ಬಳಸುತ್ತದೆ. ಹಾಗಾಗಿ ತೆರೆಯ ರೂಪವೇ ಬೇಕಿದ್ದರೆ ‘ಸ್ಕ್ರೀನ್’ ಎಂದು ಮೊದಲೇ ಹೇಳಬೇಕು. ಮೆನು ಮುಚ್ಚುವ ಸಿಎಸ್‌ಎಸ್ ಸೇರಿಸಿ, ಪುಟವನ್ನು ಕೊನೆಯವರೆಗೆ ಸರಿಸಿ, ಚಿತ್ರಗಳು ಬರುವವರೆಗೆ ಕಾದು, ಆಮೇಲೆ ಪಿಡಿಎಫ್ ಮಾಡಿಸಿ. ಗಾತ್ರ, ಒಳಗಿನ ಲಿಂಕ್, ಹಾಳೆ ಸಂಖ್ಯೆ, ಈ ಮೂರರ ಆಸೆಯನ್ನು ಮಾತ್ರ ಇಲ್ಲಿ ಬಿಡಬೇಕು. ಬುಕ್‌ಮಾರ್ಕ್ ಬೇಕಿದ್ದರೆ ಜೋಡಿಸುವಾಗ ಪೈಪಿಡಿಎಫ್‌ನಲ್ಲಿ ಪ್ರತಿ ಪುಟದ ಹೆಸರು ಕೊಟ್ಟು ಸೇರಿಸಬಹುದು.

ಇವೆರಡರ ನಡುವೆ ಒಂದು ಸಂಕರ ದಾರಿ ಇದೆ, ನನಗೆ ಇದೇ ಇಷ್ಟ. ಬ್ರೌಸರ್‌ನಲ್ಲಿ ಪುಟ ತೆರೆಸಿ, ಜಾವಾಸ್ಕ್ರಿಪ್ಟ್ ತನ್ನ ಕೆಲಸ ಮುಗಿಸಿದ ಮೇಲಿನ ಎಚ್‌ಟಿಎಂಎಲ್ ಅನ್ನು ಪ್ಲೇರೈಟ್‌ನಿಂದ ಕೇಳಿ ಪಡೆಯಿರಿ. ಅಲ್ಲಿಂದ ಮುಂದೆ ಮೊದಲ ದಾರಿ. ‘ಕ್ಯಾನ್ವಾಸ್’ ಟ್ಯಾಗ್ ಮೇಲೆ ಕೋಡ್ ಬಿಡಿಸಿದ ಚಿತ್ರಗಳು ಮಾತ್ರ ಇದರಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಸ್ಕ್ರೀನ್‌ಶಾಟ್ ತೆಗೆಯಬೇಕು.

ಮೂರನೆಯದು, ಪಿಡಿಎಫ್ ಹಟವನ್ನೇ ಬಿಡುವುದು. ಫೋನಿನಲ್ಲಿ ಓದುವವರಾದರೆ ಇಪಬ್ ನೋಡಿ. ಇಪಬ್ ಎಂದರೆ ಒಳಗೆ ಇರುವುದೇ ವೆಬ್ ಪುಟಗಳು, ಸಿಎಸ್‌ಎಸ್, ಓದುವ ಕ್ರಮದ ಒಂದು ಪಟ್ಟಿ, ಎಲ್ಲ ಸೇರಿ ಒಂದು ಜಿಪ್ ಗಂಟು. ವೆಬ್ ಪುಟಗಳನ್ನು ಒಟ್ಟುಗೂಡಿಸಲು ಇದಕ್ಕಿಂತ ಹತ್ತಿರದ ರೂಪ ಇಲ್ಲ. ತೆರೆಯ ಅಗಲಕ್ಕೆ ತಕ್ಕಂತೆ ಸಾಲು ಹೊಂದಿಕೊಳ್ಳುತ್ತದೆ, ಪಿಡಿಎಫ್ ಹಾಗೆ ಹಿಗ್ಗಿಸಿ ಕುಗ್ಗಿಸಿ ಓದುವ ಗೋಳಿಲ್ಲ. ದಾಖಲೆಗಳ ರೂಪ ಬದಲಿಸುವ ಪ್ಯಾಂಡಾಕ್‌ಗೆ ನಿಮ್ಮ ಶುದ್ಧ ಮಾಡಿದ ಫೈಲ್‌ಗಳನ್ನು ಕ್ರಮವಾಗಿ ಕೊಟ್ಟರೆ ಇಪಬ್ಬೂ ಬರುತ್ತದೆ, ವರ್ಡ್ ಫೈಲೂ ಬರುತ್ತದೆ. ‘ಫೈಲ್-ಸ್ಕೋಪ್’ ಎಂಬ ಆಯ್ಕೆ ಕೊಟ್ಟರೆ ಐಡಿಗಳಿಗೆ ಫೈಲಿನ ಹೆಸರು ಅಂಟಿಸುವ ಕೆಲಸವನ್ನೂ ಅದೇ ಮಾಡುತ್ತದೆ. ಬಣ್ಣ, ಪೆಟ್ಟಿಗೆ ಮುಂತಾದ ಅಲಂಕಾರ ಹೋಗುತ್ತದೆ, ಜಟಿಲ ಕೋಷ್ಟಕಗಳು ಕೆಡಬಹುದು.

ಹಳೆಯ ಉತ್ತರಗಳನ್ನು ನೋಡಿ ಕೋಡ್ ಎತ್ತಿಕೊಳ್ಳುವಾಗ ಸ್ವಲ್ಪ ಎಚ್ಚರ. ಎಲ್ಲೆಲ್ಲೂ ಶಿಫಾರಸು ಮಾಡುವ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಸಾಧನದ ಕೋಡ್ ಭಂಡಾರವನ್ನು 2023ರಲ್ಲಿ ಓದಲು ಮಾತ್ರ ಎಂದು ಮಾಡಿ ಕೆಲಸ ನಿಲ್ಲಿಸಿದ್ದಾರೆ. ಅದರೊಳಗಿನ ಬ್ರೌಸರ್ ಯಂತ್ರ ತುಂಬಾ ಹಳೆಯದು, ‘ಗ್ರಿಡ್’ ಎಂಬ ಸಿಎಸ್‌ಎಸ್ ಜೋಡಣೆ ಬಳಸಿದ ಇಂದಿನ ಪುಟಗಳನ್ನು ಹಾಳುಗೆಡವುತ್ತದೆ. ಪೈಪಿಡಿಎಫ್2 ಎಂಬ ಹೆಸರಿನಲ್ಲಿ ಇನ್ನು ಬೆಳವಣಿಗೆ ಇಲ್ಲ, ಅದು ಈಗ 2 ಇಲ್ಲದ ಪೈಪಿಡಿಎಫ್. ‘ಪಿಡಿಎಫ್‌ಮರ್ಜರ್’ ಎಂದು ಬರೆದ ಕೋಡ್ ಹೊಸ ಆವೃತ್ತಿಯಲ್ಲಿ ಓಡುವುದಿಲ್ಲ, ‘ಪಿಡಿಎಫ್‌ರೈಟರ್’ ಬಳಸಿ.

ನಿಮ್ಮ ಕೊನೆಯ ಪ್ರಶ್ನೆ, ತಪ್ಪಾ ಅಂತ. ಇಳಿಸಿಕೊಳ್ಳುವುದು ಒಂದು, ಹಂಚುವುದು ಇನ್ನೊಂದು. ಸ್ವಂತ ಓದಿಗೆ ಪ್ರತಿ ಮಾಡಿಕೊಳ್ಳಲು ಎಷ್ಟು ಅವಕಾಶ ಎಂಬುದು ದೇಶದಿಂದ ದೇಶಕ್ಕೆ ಬೇರೆ, ಸೈಟಿನ ಷರತ್ತೂ ಸೇರುತ್ತದೆ. ಕೈಪಿಡಿಯ ಪರವಾನಗಿ ಓದಿ. ಕ್ರಿಯೇಟಿವ್ ಕಾಮನ್ಸ್ ಆಗಿದ್ದರೆ ಮೂಲ ಹೆಸರಿಸಿ ಹಂಚಬಹುದು, ಆದರೆ ಅದರಲ್ಲಿ ‘ನೋ ಡೆರಿವೇಟಿವ್ಸ್’ ಎಂದಿದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ. ಪರವಾನಗಿಯೇ ಕಾಣದಿದ್ದರೆ ಹಂಚಬೇಡಿ. ಲಾಗಿನ್ ಆಗಿ ಓದುವ, ದುಡ್ಡು ಕೊಟ್ಟ ಪುಟಗಳನ್ನು ಸ್ಕ್ರಿಪ್ಟ್‌ನಿಂದ ಎಳೆದರೆ ಖಾತೆಯೇ ಬಂದ್ ಆಗಬಹುದು. ಸ್ಕ್ರಿಪ್ಟ್‌ಗಳು ಯಾವ ಪುಟ ಮುಟ್ಟಬಾರದು ಎಂದು ಸೈಟ್ ಹೇಳುವ ರೋಬಾಟ್ಸ್ ಫೈಲ್ ಎಂಬುದು ಬೀಗ ಅಲ್ಲ, ಒಂದು ವಿನಂತಿ. ಗೌರವಿಸಿ. ಒಂದು ಪುಟಕ್ಕೂ ಇನ್ನೊಂದಕ್ಕೂ ಎರಡು ಸೆಕೆಂಡ್ ಬಿಡುವು ಕೊಟ್ಟರೆ 64 ಪುಟಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ, ಅಷ್ಟೇ ಅಲ್ವಾ? 429 ಎಂಬ ಉತ್ತರ ಬಂದರೆ ‘ನಿಧಾನ ಮಾಡು’ ಎಂದರ್ಥ. ಎಷ್ಟು ಹೊತ್ತು ಕಾಯಬೇಕು ಅಂತ ‘ರಿಟ್ರೈ-ಆಫ್ಟರ್’ ಹೆಡರ್‌ನಲ್ಲಿ ಅನೇಕ ಸಲ ಅದೇ ಹೇಳಿರುತ್ತದೆ.

ಶುರು ಮಾಡುವಾಗ ಮೂರೇ ಪುಟ ಆರಿಸಿಕೊಳ್ಳಿ: ಚಿತ್ರ ಜಾಸ್ತಿ ಇರುವುದೊಂದು, ಉದ್ದ ಕೋಡ್ ಇರುವುದೊಂದು, ಬೇರೆ ಪುಟಗಳಿಗೆ ಲಿಂಕ್ ತುಂಬಿರುವುದೊಂದು. ಇವು ಸರಿ ಬಂದರೆ ಉಳಿದ 61 ಹೆಚ್ಚು ಕಾಡುವುದಿಲ್ಲ. ಇಡೀ ಕೈಪಿಡಿ ಓಡಿಸಿದ ಮೇಲೆ ಪಟ್ಟಿಯಲ್ಲಿದ್ದ ವಿಳಾಸಗಳ ಸಂಖ್ಯೆಗೂ ದಾಖಲೆಯಲ್ಲಿರುವ ಅಧ್ಯಾಯಗಳ ಸಂಖ್ಯೆಗೂ ತಾಳೆ ನೋಡಿ. ಅಸಹಜವಾಗಿ ಚಿಕ್ಕದಾಗಿರುವ ಅಧ್ಯಾಯಗಳನ್ನು ತೆರೆದು ಓದಿ. ಕೆಲವು ಸರ್ವರ್‌ಗಳು ‘ಪುಟ ಸಿಗಲಿಲ್ಲ’ ಎಂಬ ಸಂದೇಶವನ್ನೂ 200 ಎಂಬ ಯಶಸ್ಸಿನ ಸಂಕೇತದೊಂದಿಗೇ ಕಳಿಸುತ್ತವೆ. ನಿಮ್ಮ ಸ್ಕ್ರಿಪ್ಟ್ ಅದನ್ನೇ ಒಂದು ಅಧ್ಯಾಯ ಎಂದು ಸೇರಿಸಿಬಿಟ್ಟಿರುತ್ತದೆ.